ಹಾಗಲ ಚಪ್ಪರದ ಹಳದಿ ನೊಣ

ಪ್ರಶ್ನೆ: ಹಿತ್ತಿಲ ಹಾಗಲಬಳ್ಳಿಯಲ್ಲಿ ಕಂಡ ಹಳದಿ ಹುಳುವಿನ ಎರಡು ಫೋಟೋ ಕಳಿಸಿದ್ದೇನೆ. ಅಮ್ಮ ಕಣಜ ಅನ್ನುತ್ತಾರೆ, ಪಕ್ಕದ ಮನೆಯವರು ಮಾವಿಗೆ ಬರುವ ನೊಣ ಅನ್ನುತ್ತಾರೆ. ಯಾರ ಮಾತು ಸರಿ?

ಉತ್ತರ: ಅಮ್ಮ ಕಣಜ ಅಂದದ್ದರಲ್ಲಿ ಆಶ್ಚರ್ಯವಿಲ್ಲ. ಹಳದಿ ಪಟ್ಟೆ, ಸಣ್ಣ ಸೊಂಟ, ಹಿಂದೆ ಮುಳ್ಳಿನಂಥದ್ದೊಂದು ತುದಿ. ವೇಷವೇನೋ ಪೂರ್ತಿ ಕಣಜದ್ದೇ. ಆದರೆ ಕಣಜಕ್ಕೆ ನಾಲ್ಕು ರೆಕ್ಕೆ, ಇದಕ್ಕೆ ಎರಡೇ. ಆ ಮುಳ್ಳು ಕುಟುಕುವುದೂ ಇಲ್ಲ, ಅದು ಮೊಟ್ಟೆಯಿಡುವ ಕೊಳವೆ. ಅಂದಮೇಲೆ ಫೋಟೋದಲ್ಲಿರುವುದು ಹೆಣ್ಣು ನೊಣ.

ಪಕ್ಕದ ಮನೆಯವರದು ಅರ್ಧ ಸರಿ. ಮಾವಿನ ನೊಣ, ಅಂದರೆ ಬ್ಯಾಕ್ಟ್ರೊಸೆರಾ ಡಾರ್ಸಾಲಿಸ್, ಇದೇ ಕುಟುಂಬದ್ದು. ಅದರ ಬೆನ್ನು ಹೆಚ್ಚಾಗಿ ಕಪ್ಪು, ಇಕ್ಕೆಲದಲ್ಲಿ ಒಂದೊಂದು ಹಳದಿ ಗೆರೆ. ರೆಕ್ಕೆ ಬಹುಪಾಲು ಗಾಜಿನಂತೆ ತಿಳಿ, ಮುಂದಿನ ಅಂಚಿನುದ್ದಕ್ಕೂ ತೆಳ್ಳನೆಯ ಕಂದು ಗೆರೆ, ಅಷ್ಟೆ.

ಈಗ ನಿಮ್ಮ ಎರಡನೆಯ ಫೋಟೋವನ್ನು ದೊಡ್ಡದು ಮಾಡಿ ನೋಡಿ. ಬೆನ್ನು ಬೆಲ್ಲದ ಬಣ್ಣದ್ದು. ಹಳದಿ ಗೆರೆ ಎರಡಲ್ಲ, ಮೂರು, ನಡುವೆ ಇನ್ನೊಂದಿದೆ. ರೆಕ್ಕೆಯಂಚಿನ ಕಂದು ಗೆರೆ ತುದಿಗೆ ಬಂದಾಗ ಶಾಯಿ ಬಿದ್ದಂತೆ ಹರಡಿದೆ. ಅದರಿಂದ ಸ್ವಲ್ಪ ಒಳಗೆ, ಅಡ್ಡನರದ ಮೇಲೆ, ಇನ್ನೊಂದು ಕಂದು ಕಲೆ. ಹೆಸರನ್ನು ಗಟ್ಟಿ ಮಾಡುವುದು ಈ ಕಲೆಯೇ. ಏಕೆಂದರೆ ಜ್ಯೂಗೊಡಾಕಸ್ ಟಾವ್ ಎಂಬ ದಾಯಾದಿ ಇದೇ ಬಳ್ಳಿಗಳಿಗೆ ಬರುತ್ತದೆ, ಅದಕ್ಕೂ ಮೂರು ಗೆರೆ, ಆದರೆ ಈ ಕಲೆ ಇಲ್ಲ. ನಿಮ್ಮದು ಜ್ಯೂಗೊಡಾಕಸ್ ಕುಕುರ್ಬಿಟೇ. ಹಳೆಯ ಪುಸ್ತಕಗಳಲ್ಲಿ ಬ್ಯಾಕ್ಟ್ರೊಸೆರಾ ಕುಕುರ್ಬಿಟೇ ಎಂದಿರುತ್ತದೆ. ಮೂಲ ನಮ್ಮ ಸೀಮೆಯದೇ ಅನ್ನುತ್ತಾರೆ, ಆದರೆ 1899ರಲ್ಲಿ ಇದಕ್ಕೆ ಹೆಸರಿಟ್ಟದ್ದು ಹವಾಯಿಯಲ್ಲಿ ಸಿಕ್ಕ ನೊಣ ನೋಡಿ!

ನೀವು ಮೊದಲು ಗಮನಿಸಿದ ಹಳದಿಯೇ ಗುರುತಿಗೆ ಎಲ್ಲಕ್ಕಿಂತ ಕಡಿಮೆ ನೆರವಾದದ್ದು. ಆಗಷ್ಟೇ ಕೋಶದಿಂದ ಹೊರಬಂದ ನೊಣ ಪೇಲವವಾಗಿರುತ್ತದೆ, ಸಂಜೆ ಬಿಸಿಲಿಗೆ ಎಲ್ಲವೂ ಹಳದಿಯೇ. ಮೊದಲನೆಯ ಫೋಟೋ ಒಂದೇ ಬಂದಿದ್ದರೆ ನಾನು ‘ಯಾವುದೋ ಹಣ್ಣುನೊಣ’ ಎಂದು ಜಾರಿಕೊಳ್ಳುತ್ತಿದ್ದೆ. ಮುಂದಿನ ಸಲವೂ ರೆಕ್ಕೆ ಬಿಚ್ಚಿ ಕೂತಾಗ ಮೇಲಿನಿಂದಲೇ ತೆಗೆಯಿರಿ.

ಫೋಟೋ ಮೇಲೆ ನಂಬಿಕೆ ಬರದಿದ್ದರೆ ವಾಸನೆಯ ಪರೀಕ್ಷೆ ಇದೆ. ಬಿಹಾರದ ಪೂಸಾದಲ್ಲಿದ್ದ ಕೀಟತಜ್ಞ ಹೌಲೆಟ್, ಸಿಟ್ರೊನೆಲ್ಲಾ ಎಣ್ಣೆಗೆ ಹಣ್ಣುನೊಣದ ಗಂಡುಗಳು ಮಾತ್ರ ಮುತ್ತುವುದನ್ನು ಕಂಡು 1912ರಲ್ಲಿ ಬರೆದರು. ಮೂರು ವರ್ಷದ ಮೇಲೆ, ಕರೆಯುವ ವಸ್ತು ಮೀಥೈಲ್ ಯೂಜಿನಾಲ್ ಎಂದು ಗುರುತಿಸಿದರು. ಮಾವಿನ ತೋಟದ ಮೋಹಕ ಬಲೆಯಲ್ಲಿರುವುದು ಅದೇ, ತುಳಸಿಯಲ್ಲೂ ಅದಿದೆ. ಹಾಗಲದ ನೊಣಕ್ಕೆ ಅದರ ಗೊಡವೆಯಿಲ್ಲ. ಅದರ ಗಂಡುಗಳು ಬರುವುದು ಕ್ಯೂ ಲ್ಯೂರ್ ಬಲೆಗೆ. ಮಾವಿನ ತೋಟದ ಬಲೆ ತಂದು ಚಪ್ಪರಕ್ಕೆ ಕಟ್ಟಿದವರು ‘ಒಂದೂ ಬೀಳಲಿಲ್ಲ’ ಎಂದು ಗೊಣಗುವುದು ಇದಕ್ಕೇ.

ಎಳೆಗಾಯಿ ಸೊಟ್ಟಗಾಗಿ, ಚುಚ್ಚಿದಲ್ಲಿ ಅಂಟು ಒಸರಿ ಗಟ್ಟಿಯಾಗಿದ್ದರೆ ಸೀಳಿ ನೋಡಿ. ಬಲಿತ ಹುಳು ಬಾಗಿ ಚಿಮ್ಮಿ ಈಳಿಗೆಮಣೆಯಿಂದಾಚೆ ಬಿದ್ದೀತು. ಅಂಥ ಕಾಯಿಯನ್ನು ತಿಪ್ಪೆಗೆ ಎಸೆಯಬೇಡಿ, ಹುಳು ಅಲ್ಲೇ ಮಣ್ಣಿಗಿಳಿದು ಕೋಶವಾಗುತ್ತದೆ. ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿ ಬಿಗಿದು, ಕೆಲವು ದಿನ ಬಿಸಿಲಲ್ಲಿಡಿ.