ಧೈರ್ಯವಂತರ ಬಗ್ಗೆ ಇಂಗ್ಲಿಷಿನಲ್ಲಿ ಬರೆಯುವುದು ಹೇಗೆ?

ಟಾರ್ಪಾಲಿನ್ ಹೊದಿಸಿದ ಕೃಷಿ ಹೊಂಡಕ್ಕೆ ಸಹಪಾಠಿಯೊಬ್ಬ ಜಾರಿ ಬಿದ್ದಾಗ ಎಂಟನೇ ತರಗತಿಯ ಹುಡುಗಿ ದುಪಟ್ಟಾ ಎಸೆದು ಅವನನ್ನು ಉಳಿಸಿದಳು ಎಂದುಕೊಳ್ಳಿ. ಶೌರ್ಯ ಪ್ರಶಸ್ತಿಗೆ ಅವಳ ಹೆಸರು ಕಳಿಸಬೇಕು, ಶಿಫಾರಸು ಪತ್ರ ಇಂಗ್ಲಿಷಿನಲ್ಲಿರಬೇಕು. ಇಂಥ ಪತ್ರಗಳು ಸಾಮಾನ್ಯವಾಗಿ ಶುರುವಾಗುವುದು 'ಶಿ ಈಸ್ ಎ ವೆರಿ ಬ್ರೇವ್, ಬೋಲ್ಡ್ ಅಂಡ್ ಡೇರಿಂಗ್ ಗರ್ಲ್' ಎಂದು. ಮೂರು ವಿಶೇಷಣ ಬಂದವು, ಆದರೆ ಹುಡುಗಿ ಮಾಡಿದ್ದೇನು ಎಂಬುದು ಓದುವವರಿಗೆ ಗೊತ್ತಾಗಲೇ ಇಲ್ಲ. ಅಷ್ಟು ದೊಡ್ಡ ಕೆಲಸ ಮಾಡಿದ ಮಗುವಿಗೆ ಇದು ಅನ್ಯಾಯ. ಪ್ರಶಸ್ತಿ ಅರ್ಜಿಯಿರಲಿ, ವಿದ್ಯಾರ್ಥಿವೇತನದ ಪ್ರಬಂಧವಿರಲಿ, ಶಾಲಾ ಭಾಷಣವಿರಲಿ, ಈ ಕ್ರಮದಲ್ಲಿ ಬರೆದು ನೋಡಿ.

ಮೊದಲು ಘಟನೆಯನ್ನು ಕನ್ನಡದಲ್ಲೇ ನಾಲ್ಕು ಸಾಲು ಬರೆದುಕೊಳ್ಳಿ. ಅಪಾಯ ಯಾವುದು? ಜೀವಕ್ಕೋ, ಕೆಲಸಕ್ಕೋ, ಮಾನಕ್ಕೋ? ಆ ವ್ಯಕ್ತಿಗೆ ಭಯವಾಗಿತ್ತೇ? ಎಲ್ಲವೂ ಒಂದು ಕ್ಷಣದಲ್ಲಿ ಮುಗಿಯಿತೇ, ವರ್ಷಗಟ್ಟಲೆ ನಡೆಯಿತೇ? ಈ ಉತ್ತರಗಳು ಕೈಯಲ್ಲಿದ್ದರೆ ಪದ ಆರಿಸುವುದು ಕಷ್ಟವಲ್ಲ.

'ಬ್ರೇವ್' ಎಲ್ಲ ಕಡೆಗೂ ಸಲ್ಲುವ ಪದ. ಚುಚ್ಚುಮದ್ದಿಗೆ ಅಳದ ಮಗುವಿಗೂ ಬೆಂಕಿಗೆ ನುಗ್ಗಿದವರಿಗೂ ಹೊಂದುತ್ತದೆ. 'ಕರೇಜಸ್' ಸ್ವಲ್ಪ ಗಂಭೀರ. ಏನು ಕಳೆದುಕೊಳ್ಳಬಹುದು ಎಂದು ಗೊತ್ತಿದ್ದೂ ಹೆಜ್ಜೆ ಇಟ್ಟವರಿಗೆ ಅದು ಸರಿ. 1986ರ ಸೆಪ್ಟೆಂಬರ್ 5ರಂದು ಕರಾಚಿಯಲ್ಲಿ ಅಪಹರಣಕಾರರ ವಶದಲ್ಲಿದ್ದ ಪ್ಯಾನ್ ಆಮ್ ವಿಮಾನದ ತುರ್ತು ಬಾಗಿಲು ತೆರೆದಾಗ ಗಗನಸಖಿ ನೀರಜಾ ಭನೋಟ್ ತಾವೇ ಮೊದಲು ಇಳಿದು ಪಾರಾಗಬಹುದಿತ್ತು. ಅವರು ನಿಂತು ಪ್ರಯಾಣಿಕರನ್ನು ಇಳಿಸಿದರು, ಗುಂಡಿಗೆ ಬಲಿಯಾದರು. ಅದು 'ಕರೇಜಸ್'. ಜೀವಕ್ಕಿಂತ ಹೆಚ್ಚಾಗಿ ಊರಿನ ನಿಂದನೆಯನ್ನು ಎದುರಿಸಿದವರಿಗೆ 'ಮಾರಲ್ ಕರೇಜ್' ಎನ್ನಬೇಕು. 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದು, ದಾರಿಯಲ್ಲಿ ಸಗಣಿ ಎಸೆಸಿಕೊಂಡೂ ಪಾಠ ನಿಲ್ಲಿಸದ ಸಾವಿತ್ರಿಬಾಯಿ ಫುಲೆ ಅವರಿಗೆ ಇದಕ್ಕಿಂತ ಒಪ್ಪುವ ಮಾತಿಲ್ಲ.

'ಫಿಯರ್‌ಲೆಸ್' ಎಂದರೆ ಭಯವೇ ಇಲ್ಲದವರು. ಪೋರ್ಚುಗೀಸರ ವಿರುದ್ಧ ನಿಂತ ಉಳ್ಳಾಲದ ಅಬ್ಬಕ್ಕನಿಗೆ ಹೇಳಿ, ಒಪ್ಪುತ್ತದೆ. ಕೈ ನಡುಗುತ್ತಿದ್ದರೂ ದುಪಟ್ಟಾ ಬಿಡದ ಹುಡುಗಿಗೆ 'ಬ್ರೇವ್' ಎನ್ನುವುದೇ ಹೆಚ್ಚಿನ ಗೌರವ ಎಂದು ನನ್ನ ಅಭಿಪ್ರಾಯ.

ಸೇನೆ, ಪೊಲೀಸ್, ಸರ್ಕಾರಿ ಗೌರವಗಳ ಭಾಷೆ ಬೇರೆ. ಅಲ್ಲಿ 'ಗ್ಯಾಲಂಟ್ರಿ', 'ವ್ಯಾಲರ್' ನಡೆಯುತ್ತವೆ. ಪರಮವೀರ ಚಕ್ರ, ಅಶೋಕ ಚಕ್ರಗಳೆಲ್ಲ 'ಗ್ಯಾಲಂಟ್ರಿ ಅವಾರ್ಡ್'ಗಳೇ. 'ವ್ಯಾಲಿಯಂಟ್' ಬಳಸುವಾಗ ಮಾತ್ರ ಹುಷಾರು: 'ವ್ಯಾಲಿಯಂಟ್ ಎಫರ್ಟ್' ಎಂದರೆ ಬಹಳ ಸಲ 'ಚೆನ್ನಾಗಿ ಹೋರಾಡಿದರು, ಆದರೂ ಕೈಗೂಡಲಿಲ್ಲ' ಎಂಬ ಧ್ವನಿ ಬರುತ್ತದೆ. ಗೆದ್ದವರ ಬಗ್ಗೆ ಹಾಗೆ ಬರೆಯಬೇಡಿ.

ದೀರ್ಘಕಾಲದ ಕಷ್ಟವನ್ನು ತಾಳಿಕೊಂಡವರಿಗೆ 'ಗ್ರಿಟ್', 'ರೆಸಿಲಿಯನ್ಸ್', 'ಫಾರ್ಟಿಟ್ಯೂಡ್' ಇವೆ. ರೈಲಿನಿಂದ ತಳ್ಳಲ್ಪಟ್ಟು 2011ರಲ್ಲಿ ಕಾಲು ಕಳೆದುಕೊಂಡ ಅರುಣಿಮಾ ಸಿನ್ಹಾ 2013ರಲ್ಲಿ ಎವರೆಸ್ಟ್ ಏರಿದರು, ಅದು 'ಗ್ರಿಟ್'. ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ 2016ರ ಫೆಬ್ರುವರಿಯಲ್ಲಿ ಸಿಯಾಚಿನ್ ಹಿಮದಡಿ ಆರು ದಿನ ಜೀವ ಹಿಡಿದುಕೊಂಡಿದ್ದನ್ನು ಹೇಳಲು 'ಫಾರ್ಟಿಟ್ಯೂಡ್' ಎನ್ನಬಹುದು.

ಇನ್ನು ಎಡವುವ ಜಾಗಗಳು. 'ಬೋಲ್ಡ್' ಒಳ್ಳೆಯ ಪದವೇ; 'ಬೋಲ್ಡ್ ಡಿಸಿಷನ್' ಎಂದರೆ ದಿಟ್ಟ ನಿರ್ಧಾರ. ಆದರೆ ನಮ್ಮ ಸಿನಿಮಾ ಸುದ್ದಿಗಳು 'ಬೋಲ್ಡ್ ಪಾತ್ರ', 'ಬೋಲ್ಡ್ ಫೋಟೊ' ಎಂದು ಬರೆದೂ ಬರೆದೂ ಅದಕ್ಕೆ ಬೇರೆ ಬಣ್ಣ ಬಂದಿದೆ. ಶಾಲಾ ಬಾಲಕಿಯ ಪತ್ರದಲ್ಲಿ ಬಿಟ್ಟರೆ ಒಳ್ಳೆಯದು. 'ಡೇರಿಂಗ್' ಪದವನ್ನು ವ್ಯಕ್ತಿಗಿಂತ ಕೆಲಸಕ್ಕೆ ಅಂಟಿಸಿ: 'ಎ ಡೇರಿಂಗ್ ರೆಸ್ಕ್ಯೂ'. ಹಾಡಹಗಲೇ ನಡೆದ ದರೋಡೆಗೂ 'ಡೇರಿಂಗ್' ಎನ್ನುತ್ತಾರೆ, ನೆನಪಿರಲಿ. 'ಗಟ್ಸ್' ಸ್ನೇಹಿತರ ನಡುವಿನ ಮಾತಿಗೆ ಸಾಕು. 'ಹೀರೋಯಿನ್' ಎಂದು ಬರೆಯುವಾಗ ಕೊನೆಯ 'ಇ' ಅಕ್ಷರ ಮರೆತರೆ ಅದು ಮಾದಕ ವಸ್ತುವಿನ ಹೆಸರಾಗುತ್ತದೆ. ಈಜು ಬಾರದೆ ನೀರಿಗೆ ಹಾರುವುದಕ್ಕೆ, ಜಲಪಾತದ ಅಂಚಿನಲ್ಲಿ ಸೆಲ್ಫಿಗೆ ನಿಲ್ಲುವುದಕ್ಕೆ 'ರೆಕ್‌ಲೆಸ್', 'ಫೂಲ್‌ಹಾರ್ಡಿ' ಎಂಬ ಪದಗಳಿವೆ. ಮಕ್ಕಳಿಗೆ ಇವನ್ನೂ 'ಬ್ರೇವ್' ಜೊತೆಜೊತೆಗೇ ಕಲಿಸಿ.

ಕ್ರಿಯಾಪದದಲ್ಲಿ ಕನ್ನಡ ನಮ್ಮನ್ನು ಎಳೆಯುತ್ತದೆ. ನಾವು 'ಧೈರ್ಯ ಮಾಡಿದ' ಎನ್ನುತ್ತೇವೆ. 'ಹಿ ಡಿಡ್ ಕರೇಜ್' ಎಂದರೆ ತಪ್ಪು. 'ಹಿ ಮಸ್ಟರ್ಡ್ ದ ಕರೇಜ್ ಟು ಸ್ಪೀಕ್' ಎನ್ನಿ, ಇಲ್ಲವೇ 'ಶೋಡ್ ಕರೇಜ್' ಎನ್ನಿ. 'ಧೈರ್ಯ ಹೇಳಿದಳು' ಎಂಬುದಕ್ಕೆ 'ಶಿ ರಿಅಶ್ಯೂರ್ಡ್ ಹಿಮ್' ಸರಿ. ಮಳೆ ಲೆಕ್ಕಿಸದೆ ಬಂದರು ಎನ್ನಲು 'ದೆ ಬ್ರೇವ್ಡ್ ದ ರೇನ್' ಸಾಕು. ಇಲ್ಲಿ 'ಬ್ರೇವ್' ಪದವೇ ಕ್ರಿಯಾಪದ.

ಈಗ ಪತ್ರಕ್ಕೆ ಬನ್ನಿ. ವಿಶೇಷಣ ಬದಿಗಿಟ್ಟು ಕೆಲಸವನ್ನೇ ಹೇಳಿ: 'ಶಿ ಕುಡ್ ನಾಟ್ ಸ್ವಿಮ್. ಶಿ ಲೇ ಫ್ಲ್ಯಾಟ್ ಆನ್ ದ ಬ್ಯಾಂಕ್, ಥ್ರೂ ಹರ್ ದುಪಟ್ಟಾ ಟು ಹಿಮ್ ಅಂಡ್ ಹೆಲ್ಡ್ ಆನ್ ಅಂಟಿಲ್ ಹೆಲ್ಪ್ ಕೇಮ್.' ಆಮೇಲೆ ಒಂದೇ ಸಾಲು: 'ಹರ್ ಕರೇಜ್ ಅಂಡ್ ಪ್ರೆಸೆನ್ಸ್ ಆಫ್ ಮೈಂಡ್ ಸೇವ್ಡ್ ಹಿಸ್ ಲೈಫ್.' ಆ ಜಾರುವ ಹೊಂಡಕ್ಕೆ ತಾನೂ ಇಳಿಯದೆ ದಡದಲ್ಲೇ ಮಲಗಿ ಹಿಡಿದುಕೊಂಡದ್ದು ಅವಳ ಸಮಯಪ್ರಜ್ಞೆ. 'ಪ್ರೆಸೆನ್ಸ್ ಆಫ್ ಮೈಂಡ್' ಇಲ್ಲದಿದ್ದರೆ ಪತ್ರ ಅಪೂರ್ಣ.

ಅಂಗವಿಕಲರ ಬಗ್ಗೆ ಬರೆಯುವಾಗ ಇನ್ನಷ್ಟು ಎಚ್ಚರ ಬೇಕು. ಗಾಲಿಕುರ್ಚಿಯಲ್ಲಿ ಕಚೇರಿಗೆ ಬರುವವರನ್ನು ಅಷ್ಟಕ್ಕೇ 'ಬ್ರೇವ್', 'ಇನ್‌ಸ್ಪೈರಿಂಗ್' ಎಂದರೆ ಅವರಿಗೆ ಬೇಸರವಾಗಬಹುದು. ಆಸ್ಟ್ರೇಲಿಯಾದ ಸ್ಟೆಲ್ಲಾ ಯಂಗ್, ಸ್ವತಃ ಗಾಲಿಕುರ್ಚಿ ಬಳಸುತ್ತಿದ್ದವರು, 2014ರ ಟೆಡ್ ಭಾಷಣದಲ್ಲಿ ಈ ಅಭ್ಯಾಸವನ್ನು ನೇರವಾಗಿ ಟೀಕಿಸಿದ್ದರು. ನೀವು ಯಾರ ಬಗ್ಗೆ ಬರೆಯುತ್ತಿದ್ದೀರೋ ಅವರ ಸಾಧನೆ ಏನಿದೆಯೋ ಅದನ್ನೇ ಹೊಗಳಿ.

ಮಡಿದವರ ಬಗ್ಗೆ ಬರೆಯುವುದಾದರೆ 'ಎಕ್ಸ್‌ಪೈರ್ಡ್' ಬೇಡ; ಅದು ಔಷಧಿ, ಪಾಸ್‌ಪೋರ್ಟುಗಳಿಗೆ ಇರಲಿ. ಯುದ್ಧದಲ್ಲಿ ಮಡಿದ ಯೋಧರಿಗೆ 'ಕಿಲ್ಡ್ ಇನ್ ಆಕ್ಷನ್', ಇನ್ನೊಬ್ಬರನ್ನು ಉಳಿಸಲು ಹೋಗಿ ತೀರಿಕೊಂಡವರಿಗೆ 'ಲಾಸ್ಟ್ ಹರ್ ಲೈಫ್ ಸೇವಿಂಗ್ ಅದರ್ಸ್' ಎಂದು ಬರೆಯಿರಿ. ನೀರಜಾ ಅವರಿಗೆ ಅಶೋಕ ಚಕ್ರ ಸಂದದ್ದು ಮರಣೋತ್ತರವಾಗಿ. ಅದನ್ನು ವೇದಿಕೆಯಲ್ಲಿ ಓದಬೇಕಾದವರು 'ಪೋಸ್ಟ್-ಹ್ಯೂಮಸ್' ಎಂದು ಬಿಡಿಸಬಾರದು, 'ಪಾಸ್ಚುಮಸ್' ಎಂದು ಒಂದೇ ಉಸಿರಿಗೆ ಹೇಳಬೇಕು. ನಡುವಿನ 'ಎಚ್' ಉಚ್ಚಾರವಾಗುವುದಿಲ್ಲ.