ಶಸ್ತ್ರಚಿಕಿತ್ಸೆಗೆ ಮುನ್ನ ಅರಿವಳಿಕೆ ಚುಚ್ಚುಮದ್ದು: ಜಾನುವಾರು ಮಾಲೀಕರು ತಿಳಿದಿರಬೇಕಾದ ವಿಷಯಗಳು

ಎತ್ತಿನ ಕೊಂಬಿನ ಕ್ಯಾನ್ಸರ್, ಹಸುವಿನ ಹೊಟ್ಟೆ ಸೇರಿದ ತಂತಿ, ಕರುವಿನ ಹೊಕ್ಕುಳ ಬಾವು ಮುಂತಾದ ತೊಂದರೆಗಳಿಗೆ ಎಷ್ಟೋ ವೇಳೆ ಶಸ್ತ್ರಚಿಕಿತ್ಸೆಯೇ ಮದ್ದು. ಆದರೆ "ಸೂಜಿ ಚುಚ್ಚಿಸಿದರೆ ಎತ್ತು ಮತ್ತೆ ಏಳುವುದಿಲ್ಲ" ಎಂಬ ಭಯದಿಂದ ಹಲವರು ಚಿಕಿತ್ಸೆಯನ್ನು ಮುಂದೂಡುತ್ತಾರೆ. ಅಷ್ಟರಲ್ಲಿ ರೋಗ ಕೈಮೀರುತ್ತದೆ. ಅರಿವಳಿಕೆಯಲ್ಲಿ ಅಪಾಯವೇ ಇಲ್ಲವೆಂದಲ್ಲ. ಆದರೆ ಅದರ ಬಹುಪಾಲನ್ನು ತಪ್ಪಿಸುವುದು ಮಾಲೀಕರ ಕೈಯಲ್ಲೂ ಇದೆ.

ಮದ್ದು ಒಂದೇ, ಪ್ರಾಣಿ ಬೇರೆ

ಪ್ರಯೋಗಾಲಯಗಳಲ್ಲಿ ಇಲಿಗಳಿಗೆ ನೋವಾಗದಂತೆ ಶಸ್ತ್ರಚಿಕಿತ್ಸೆ ಮಾಡಲು ಕೆಟಮಿನ್ ಮತ್ತು ಜೈಲಜಿನ್ ಎಂಬ ಎರಡು ಮದ್ದುಗಳನ್ನು ಬೆರೆಸಿ ಚುಚ್ಚುವುದು ರೂಢಿ. ಇವೆರಡೂ 1962ರಲ್ಲಿ ತಯಾರಾದ ಮದ್ದುಗಳು. ಇವುಗಳಲ್ಲಿ ಜೈಲಜಿನನ್ನು ದನಗಳಿಗೂ ಬಳಸುತ್ತಾರೆ. ಆದರೆ ಪ್ರಮಾಣದಲ್ಲಿ ಅಜಗಜಾಂತರ. ಇಲಿಗೆ ಪ್ರತಿ ಕಿಲೋ ದೇಹತೂಕಕ್ಕೆ 5ರಿಂದ 10 ಮಿಲಿಗ್ರಾಂ ಜೈಲಜಿನ್ ಬೇಕು. ದನಕ್ಕೆ ಕಿಲೋಗೆ 0.1 ಮಿಲಿಗ್ರಾಂನಷ್ಟೇ ಸಾಕಾಗಬಹುದು. ಅಂದರೆ 400 ಕಿಲೋ ತೂಗುವ ಎತ್ತಿಗೆ ಸುಮಾರು 40 ಮಿಲಿಗ್ರಾಂ. ಇಲಿಯ ಲೆಕ್ಕದಲ್ಲಿ ಕೊಟ್ಟರೆ ಅದು 4,000 ಮಿಲಿಗ್ರಾಂ ಆದೀತು! ಕುದುರೆಗೆ ಕೊಡುವುದರ ಹತ್ತನೆಯ ಒಂದು ಪಾಲು ದನಕ್ಕೆ ಸಾಕು. ಆಡು ಇನ್ನೂ ಸೂಕ್ಷ್ಮ. ಈ ಲೆಕ್ಕ ತಿಳಿವಳಿಕೆಗಾಗಿ ಮಾತ್ರ. ಇದನ್ನು ಅರಿಯದ ನಾಟಿ ಸೂಜಿಯವರ ಕೈಗೆ ದನವನ್ನು ಒಪ್ಪಿಸಬೇಡಿ.

ಹೊಟ್ಟೆ ಖಾಲಿ ಇರಲಿ

ಇಲಿಗೆ ವಾಂತಿಯಾಗುವುದಿಲ್ಲ. ಆದ್ದರಿಂದ ಅದನ್ನು ಉಪವಾಸ ಕೆಡವುವ ಅಗತ್ಯವಿಲ್ಲ. ದನದ ಸಂಗತಿ ಬೇರೆ. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆ ಸದಾ ತುಂಬಿರುತ್ತದೆ. ಮಂಪರು ಕವಿದಾಗ ನುಂಗುವ ಶಕ್ತಿ ಕುಂದುತ್ತದೆ, ಹೊಟ್ಟೆಯ ಚಲನೆ ನಿಲ್ಲುತ್ತದೆ. ಒಳಗಿನ ಮೇವು ಗಂಟಲಿಗೆ ಬಂದು ಶ್ವಾಸಕೋಶ ಸೇರಬಹುದು, ಹೊಟ್ಟೆಯುಬ್ಬರವೂ ಆಗಬಹುದು. ದೊಡ್ಡ ದನಕ್ಕೆ ಸಾಮಾನ್ಯವಾಗಿ 24 ಗಂಟೆ ಮೊದಲೇ ಮೇವು ನಿಲ್ಲಿಸಿ, 12 ಗಂಟೆ ಮೊದಲು ನೀರನ್ನೂ ನಿಲ್ಲಿಸಲು ಹೇಳುತ್ತಾರೆ. ಹಾಲು ಕುಡಿಯುವ ಕರುವಿಗೆ ಇಷ್ಟು ಉಪವಾಸ ಸಲ್ಲದು, ವೈದ್ಯರನ್ನು ಕೇಳಿ. "ಪಾಪ, ಹಸಿದಿದೆ" ಎಂದು ಬೆಳಗ್ಗೆ ಒಂದು ಹಿಡಿ ಹುಲ್ಲು ಹಾಕಿದ್ದರೆ ಮುಚ್ಚಿಡದೆ ಹೇಳಿಬಿಡಿ. ತುರ್ತಿಲ್ಲದಿದ್ದರೆ ಚಿಕಿತ್ಸೆಯನ್ನು ಮರುದಿನಕ್ಕೆ ಹಾಕಬಹುದು.

ವೈದ್ಯರಿಗೆ ತಿಳಿಸಬೇಕಾದುದು

1. ಹಸು ಗಬ್ಬವಾಗಿದ್ದರೆ ಎಷ್ಟು ತಿಂಗಳು ಎಂಬುದು. ಜೈಲಜಿನ್ ಗರ್ಭಕೋಶವನ್ನು ಸಂಕುಚಿಸುವುದರಿಂದ ಕೊನೆಯ ತಿಂಗಳುಗಳಲ್ಲಿ ಅದನ್ನು ಬಳಸದಿರುವುದು ಲೇಸು.
2. ಕೆಮ್ಮು, ಏದುಸಿರು, ಜ್ವರ, ಹೊಟ್ಟೆಯುಬ್ಬರ ಇದ್ದರೆ ಆ ವಿಷಯ.
3. ಈಚೆಗೆ ಕೊಡಿಸಿದ ಔಷಧಿಗಳು.

ಎಲ್ಲಕ್ಕೂ ಪೂರ್ಣ ಮಂಪರು ಬೇಕಿಲ್ಲ. ಕೊಂಬಿನ ಕ್ಯಾನ್ಸರಿಗೆ ಕಣ್ಣು ಮತ್ತು ಕೊಂಬಿನ ನಡುವೆ ಹಾಯುವ ನರದ ಬಳಿ ಲಿಗ್ನೊಕೇನ್ ಚುಚ್ಚಿದರೆ ಕೊಂಬಿನ ಭಾಗ ಮರಗಟ್ಟುತ್ತದೆ. ಹಸುವಿನ ಹೊಟ್ಟೆಯ ಶಸ್ತ್ರಚಿಕಿತ್ಸೆಯನ್ನೂ ಹಲವೊಮ್ಮೆ ನಿಂತಂತೆಯೇ ಮಾಡುತ್ತಾರೆ.

ಮಲಗಿಸಿದ ಮೇಲೆ

ಗಂಟಲಿನ ಕೆಳಗೆ ಹುಲ್ಲು ತುಂಬಿದ ಚೀಲವಿಟ್ಟು, ಮೂತಿ ತಗ್ಗಿನಲ್ಲಿರುವಂತೆ ನೋಡಿಕೊಳ್ಳಿ. ಆಗ ಜೊಲ್ಲು ಹೊರಕ್ಕೆ ಹರಿಯುತ್ತದೆ. ಇಲಿಯ ಪುಟ್ಟ ಮೈ ಬೇಗ ತಣ್ಣಗಾಗುವುದರಿಂದ ಅದಕ್ಕೆ ಶಾಖ ಕೊಡಬೇಕು. ಮಂಪರಿನಲ್ಲಿರುವ ದನಕ್ಕೆ ಬಿಸಿಲೇ ಶತ್ರು. ಮೈ ಕಾದು ಅಪಾಯವಾಗುತ್ತದೆ. ಆದ್ದರಿಂದ ತಂಪು ಹೊತ್ತನ್ನೂ ನೆರಳಿನ ಜಾಗವನ್ನೂ ಆರಿಸಿ.

ಎಚ್ಚರವಾಗುವವರೆಗೆ

ಚಿಕಿತ್ಸೆ ಮುಗಿದ ಬಳಿಕ ದನವನ್ನು ಎದೆಯ ಮೇಲೆ ಕುಳ್ಳಿರಿಸಿ, ಪಕ್ಕಕ್ಕೆ ಹುಲ್ಲಿನ ಮೂಟೆ ಆನಿಸಿ. ಒಬ್ಬರು ಬಳಿಯಲ್ಲೇ ಇರಿ. ಹೊಡೆದು ಎಬ್ಬಿಸಬೇಡಿ. ಬಾಯಿಗೆ ನೀರು, ಎಣ್ಣೆ, ಕಷಾಯ ಹೊಯ್ಯಬೇಡಿ. ಚೆನ್ನಾಗಿ ಎದ್ದು ನಿಂತು, ತಾನಾಗಿ ನುಂಗುವಂತಾದ ಮೇಲೆ ಮೊದಲು ಸ್ವಲ್ಪ ನೀರು, ಅನಂತರ ಸ್ವಲ್ಪ ಹಸಿಹುಲ್ಲು ಕೊಡಿ. ಎಡ ಪಕ್ಕೆ ಉಬ್ಬಿದರೆ, ಉಸಿರು ಕಷ್ಟವಾದರೆ ಕೂಡಲೇ ವೈದ್ಯರನ್ನು ಕರೆಯಿರಿ. ಜೈಲಜಿನ್ ಪರಿಣಾಮವನ್ನು ಇಳಿಸುವ ಮದ್ದುಗಳೂ ಇವೆ. ಹಾಲನ್ನು ಯಾವಾಗಿನಿಂದ ಬಳಸಬಹುದೆಂದು ಅವರನ್ನೇ ಕೇಳಿ ತಿಳಿಯಿರಿ.

ಸರಿಯಾದ ಪ್ರಮಾಣ ವೈದ್ಯರ ಹೊಣೆ. ಖಾಲಿ ಹೊಟ್ಟೆ, ನಿಜವಾದ ಮಾಹಿತಿ, ಎಚ್ಚರದ ಕಾವಲು ಮಾಲೀಕರ ಹೊಣೆ. ಎರಡೂ ಕೂಡಿದರೆ ಎತ್ತು ಮತ್ತೆ ನೊಗಕ್ಕೆ ಬರುವ ಸಾಧ್ಯತೆ ಹೆಚ್ಚು.