ಬೀದಿಯ ಜ್ವರ ವಾರ್ಡಿನ ಅಂಕಿಯಲ್ಲಿ ಕಾಣುವುದಿಲ್ಲ

2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿದಾಗ ಬೆಂಗಳೂರಿನ ಬಿಳೇಕಹಳ್ಳಿಯ ನಮ್ಮ ಕ್ರಾಸ್‌ಗಳಲ್ಲಿ ಡ್ರಮ್ಮು ಇಲ್ಲದ ಮನೆಯೇ ಅಪರೂಪ. ಮಳೆ ಹಿಡಿದ ಮೇಲೂ ಅವು ಅಲ್ಲೇ ಉಳಿದವು. ಆಮೇಲೆ ಯಾರನ್ನು ಮಾತಾಡಿಸಿದರೂ ಪ್ಲೇಟ್‌ಲೆಟ್‌ನದೇ ಸುದ್ದಿ. ಸೆಪ್ಟೆಂಬರ್‌ನಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸುವ ಹೊತ್ತಿಗೆ ನಾವು ಕೆಲವರು ಸೇರಿ ನಮ್ಮ ಬೀದಿಗಳ ಜ್ವರದ ಲೆಕ್ಕವನ್ನು ಒಂದು ಪುಸ್ತಕದಲ್ಲಿ ಬರೆದಿಡತೊಡಗಿದ್ದೆವು.

ಪತ್ರಿಕೆಯಲ್ಲಿ ಬರುತ್ತಿದ್ದದ್ದು ಇಡೀ ವಲಯದ ಅಂಕಿ. ಡೆಂಗಿ ಹರಡುವ ಈಡಿಸ್ ಸೊಳ್ಳೆಯಾದರೋ ಹುಟ್ಟಿದ ಜಾಗ ಬಿಟ್ಟು ಸಾಮಾನ್ಯವಾಗಿ 400 ಮೀಟರ್ ದಾಟುವುದಿಲ್ಲ. ಐಐಎಂ ಕಾಂಪೌಂಡಿನ ಪಕ್ಕದ ರಸ್ತೆ, ವಿಜಯಾ ಬ್ಯಾಂಕ್ ಲೇಔಟಿನ ಒಳಗಿನ ಕ್ರಾಸು ಅದರ ಪಾಲಿಗೆ ಬೇರೆ ಬೇರೆ ಊರುಗಳು. ಜೊತೆಗೆ, ಸರ್ಕಾರದ ಲೆಕ್ಕದಲ್ಲಿ ಖಚಿತ ಪ್ರಕರಣ ಅನ್ನಿಸಿಕೊಳ್ಳಲು ಎಲೈಸಾ ಪರೀಕ್ಷೆ ಆಗಬೇಕು. ಪಕ್ಕದ ಕ್ಲಿನಿಕ್‌ನಲ್ಲಿ ಕಾರ್ಡ್ ಟೆಸ್ಟ್ ಮಾಡಿಸಿ, ಮಾತ್ರೆ ನುಂಗಿ ಮಲಗಿದವರು ಅದರೊಳಗೆ ಬರುವುದಿಲ್ಲ. ಹಾಗಾಗಿ ನಾವು ಡೆಂಗಿಯನ್ನಲ್ಲ, ಜ್ವರವನ್ನು ಎಣಿಸಿದೆವು. ಹೆಸರು ಬೇಡ. ಯಾವ ಕ್ರಾಸು, ಜ್ವರ ಶುರುವಾದ ದಿನ, ಟೆಸ್ಟ್ ಆಯಿತೋ ಇಲ್ಲವೋ, ಇಷ್ಟೇ.

ಎಣಿಸುತ್ತಾ ಹೋದಂತೆ ಒಂದು ಕ್ರಾಸ್ ತೀರಾ ಹದಗೆಟ್ಟಂತೆ ಕಂಡಿತು. ಅಲ್ಲಿ ಪಿಜಿಗಳು ಸಾಲಾಗಿವೆ, ಒಂದೊಂದು ಕಟ್ಟಡದಲ್ಲೂ ಹತ್ತು ಮನೆಯಷ್ಟು ಜನ. ಅಲ್ಲಿ ವಾಸವಿರುವವರ ಸಂಖ್ಯೆಯನ್ನು ಪಕ್ಕದಲ್ಲಿಟ್ಟು ನೋಡಿದಾಗ, ಸದ್ದಿಲ್ಲದ ಒಂದು ಹಳೆಯ ಓಣಿಯ ಸ್ಥಿತಿ ಅದಕ್ಕಿಂತ ಕೆಟ್ಟದಾಗಿತ್ತು. ಎಷ್ಟು ಜನರಲ್ಲಿ ಎಷ್ಟು ಜನಕ್ಕೆ ಎಂದು ಕೇಳದ ಅಂಕಿಯನ್ನು ನಾನು ಈಗ ನಂಬುವುದಿಲ್ಲ.

ಜ್ವರದ ಲೆಕ್ಕಕ್ಕೂ ಒಂದು ಮಿತಿ ಇದೆ. ಸೊಳ್ಳೆ ಕಚ್ಚಿ 4ರಿಂದ 10 ದಿನಕ್ಕೆ ಜ್ವರ ಬರುತ್ತದೆ. ಅಂದರೆ ನಾವು ಬರೆಯುವುದೆಲ್ಲ ಆಗಿಹೋದ ಸಂಗತಿ. ಮುಂದೆ ಏನಾದೀತು ಎಂಬುದನ್ನು ಹೇಳುವುದು ನೀರಿನಲ್ಲಿರುವ ಲಾರ್ವಾ. ಅದನ್ನು ಕಲಿಸಿದ್ದು ನಮ್ಮ ಕಡೆ ಬರುವ ಆಶಾ ಕಾರ್ಯಕರ್ತೆ. ಡ್ರಮ್ಮಿನ ಮುಚ್ಚಳ ಸರಿಸಿ ಟಾರ್ಚ್ ಬಿಟ್ಟರು. ಮೇಲೆ ತೇಲುತ್ತಿದ್ದ ಹುಳಗಳು ನುಲಿಯುತ್ತಾ ಸರ್ರನೆ ತಳಕ್ಕಿಳಿದವು. ಮನೆಯಾಕೆಗೆ ಗಾಬರಿ. "ಮೇಡಂ, ಟ್ಯಾಂಕರ್ ನೀರು ಇದು, ಚೆಲ್ಲಿದ್ರೆ ಮತ್ತೆ ಎಲ್ಲಿಂದ ತರೋಣ?" ಎಂದರು. "ಚೆಲ್ಲಿ ಅನ್ನಲ್ಲಮ್ಮ. ಸೋಸಿ ಬಳಸಿ, ಬಾಯಿಗೆ ಬಟ್ಟೆ ಕಟ್ಟಿ. ಖಾಲಿಯಾದಾಗ ಒಳಗೋಡೆ ಗಸಗಸ ಉಜ್ಜಿ." ಉಜ್ಜಬೇಕು ಏಕೆಂದರೆ ಮೊಟ್ಟೆ ಅಂಟಿರುವುದು ನೀರಿನ ಮಟ್ಟಕ್ಕಿಂತ ಮೇಲೆ, ಗೋಡೆಗೆ. ಒಣಗಿದರೂ ಅದು ತಿಂಗಳುಗಟ್ಟಲೆ ಸಾಯುವುದಿಲ್ಲ. ನೂರು ಮನೆ ನೋಡಿದರೆ ಲಾರ್ವಾ ಇರುವ ಪಾತ್ರೆ, ಡ್ರಮ್ಮು, ಟೈರು ಎಷ್ಟು ಸಿಕ್ಕವು ಎಂಬ ಲೆಕ್ಕಕ್ಕೆ ಬ್ರೆಟೋ ಸೂಚ್ಯಂಕ ಎನ್ನುತ್ತಾರೆ. ಟಾರ್ಚು, ಪೆನ್ನು ಇದ್ದರೆ ಯಾರು ಬೇಕಾದರೂ ತೆಗೆಯಬಹುದು.

ಆ ವರ್ಷವೇ ಸೊಳ್ಳೆ ಬೆಳೆಯಲು ಬಿಟ್ಟ ಮನೆಗೆ ನಗರಗಳಲ್ಲಿ 400 ರೂಪಾಯಿ ದಂಡದ ನಿಯಮ ಬಂತು. ಬಾಗಿಲುಗಳು ಮುಚ್ಚತೊಡಗಿದವು. ನಮ್ಮ ಪುಸ್ತಕದಲ್ಲಿ ಮನೆ ನಂಬರ್ ಇಲ್ಲ ಎಂದು ತೆರೆದು ತೋರಿಸಿದ ಮೇಲೇ ಮತ್ತೆ ಒಳಗೆ ಕರೆದದ್ದು. ಬಡಾವಣೆಯ ಆರೋಗ್ಯದ ಮಾಹಿತಿ ಜನ ನಂಬಿ ಕೊಡುವಂಥದ್ದು. ಅದು ದಂಡದ ರಸೀದಿಗೆ ದಾರಿಯಾದರೆ ಮುಂದಿನ ವಾರದಿಂದ ಮಾಹಿತಿಯೇ ಇರುವುದಿಲ್ಲ. ಖಾಲಿ ಸೈಟು, ಅರ್ಧ ಕಟ್ಟಿದ ಬೇಸ್‌ಮೆಂಟುಗಳ ಮಾಲೀಕರ ವಿಷಯದಲ್ಲಿ ಮಾತ್ರ ನನಗೆ ಆ ಮೃದುತ್ವ ಇಲ್ಲ.

1854ರ ಲಂಡನ್ನಿನ ಕಾಲರಾ ಎಂದರೆ ಎಲ್ಲರೂ ವೈದ್ಯ ಜಾನ್ ಸ್ನೋನ ನಕ್ಷೆ ನೆನೆಯುತ್ತಾರೆ. ನನಗೆ ಹತ್ತಿರದವನು ಅಲ್ಲಿನ ಪಾದ್ರಿ ಹೆನ್ರಿ ವೈಟ್‌ಹೆಡ್. ರೋಗ ಬಾವಿಯ ನೀರಿನಿಂದ ಬಂತೆಂದು ಸ್ನೋ ಹೇಳಿದ್ದು ತಪ್ಪೆಂದು ತೋರಿಸಲು ಹೊರಟು, ಮನೆಮನೆ ತಿರುಗಿ, ಬ್ರಾಡ್ ಸ್ಟ್ರೀಟ್ ಬಾವಿಯ ಪಕ್ಕದ ಮನೆಯಲ್ಲೇ ಮೊದಲ ರೋಗಿಯಾದ ಮಗುವನ್ನು ಗುರುತಿಸಿದ್ದು ಅವನು. ಜನ ಅವನಿಗೆ ಬಾಗಿಲು ತೆರೆಯುತ್ತಿದ್ದರು.

ವಾರದ ಲೆಕ್ಕವನ್ನು ನಾವು ಹಾಲಿನ ಬೂತಿನ ಗೋಡೆಗೆ, ಕ್ರಾಸ್‌ವಾರು ಅಂಟಿಸುತ್ತೇವೆ. ಬೆಳಿಗ್ಗೆ ಹಾಲಿಗೆ ಬಂದವರು ತಮ್ಮ ಕ್ರಾಸ್ ಹುಡುಕಿ ನೋಡಿಯೇ ಹೋಗುತ್ತಾರೆ. ಪುಸ್ತಕದಲ್ಲಿ ವಾರ್ಡ್ ನಂಬರಿನ ಕಾಲಂ ಬೇಡವೆಂದು ನಾನೇ ಪಟ್ಟು ಹಿಡಿದೆ. 198 ಇದ್ದ ವಾರ್ಡುಗಳು 2022ರಲ್ಲಿ 243 ಎಂದಾದವು, 2023ರಲ್ಲಿ 225 ಎಂದಾದವು, 2025ರಲ್ಲಿ ಪಾಲಿಕೆಯೇ ಐದಾಯಿತು. ಗಡಿ ಬದಲಾದಾಗಲೆಲ್ಲ ಹಳೆಯ ವರ್ಷದೊಂದಿಗೆ ಹೋಲಿಸುವ ದಾರಿ ಕಡಿದುಹೋಗುತ್ತದೆ. ಕ್ರಾಸ್‌ಗಳು ಇದ್ದಲ್ಲೇ ಇವೆ, ಹೋದ ವರ್ಷದ ಜುಲೈ ಪುಟವನ್ನೂ ಈ ವರ್ಷದ್ದನ್ನೂ ಅಕ್ಕಪಕ್ಕ ಇಟ್ಟು ಓದಬಹುದು.